ಕೂಲಿ ಕೊಡದೆ ದುಡಿಮೆಯ ಮಾತೇ?

ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಕಲಾ ಇತಿಹಾಸ ಕಲಿಸುವ, ಮೈಸೂರು ಮೂಲದ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ‘ಆಫ್ರಿಕದ ಕಲಾವಿದರ ವೃತ್ತಿಬದುಕು ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಲಂಡನ್ನಿನಲ್ಲಿ ಸಭಾಂಗಣ ಗೊತ್ತಾಗಿದೆ. ಪ್ರಾಧ್ಯಾಪಕರು, ಕ್ಯುರೇಟರುಗಳು ಒಪ್ಪಿದ್ದಾರೆ. ಕಲಾವಿದರಿಗೆ ಊಟ, ವಸತಿ ಕೊಡಬಹುದು, ಸಂಭಾವನೆಗೆ ಹಣವಿಲ್ಲ. ಕರ್ನಾಟಕದ ಇಬ್ಬರು ಚಿತ್ರಕಲಾವಿದರನ್ನೂ ಕರೆಸುವ ಆಸೆಯಿದೆ. ಗೋಷ್ಠಿಗಳ ಪಟ್ಟಿ ಲಗತ್ತಿಸಿದ್ದೇನೆ, ಅಭಿಪ್ರಾಯ ತಿಳಿಸಿ.’

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪಟ್ಟಿಯನ್ನು ನಿಧಾನವಾಗಿ ಓದಿದೆ. ಅಸ್ಮಿತೆಗೆ ಒಂದು ಗೋಷ್ಠಿ ಇದೆ, ಸ್ಮೃತಿಗೆ ಒಂದಿದೆ, ವಸಾಹತೋತ್ತರ ಚಿಂತನೆಗೆ ಎರಡಿವೆ. ಸ್ಟುಡಿಯೊ ಬಾಡಿಗೆ, ಕರಾರುಪತ್ರ, ಆಸ್ಪತ್ರೆ ಖರ್ಚು, ವೀಸಾ ಇವುಗಳಿಗೆ ಒಂದೂ ಇಲ್ಲ. ಮೊದಲು ಸಂಭಾವನೆಯ ಮಾತು. ಸಭಾಂಗಣಕ್ಕೆ ದುಡ್ಡು ಕೊಡುತ್ತೀರಿ, ಅಡುಗೆಯವರಿಗೆ ಕೊಡುತ್ತೀರಿ. ಪ್ರಾಧ್ಯಾಪಕರಿಗೆ ಆ ದಿನಗಳ ಸಂಬಳ ತಪ್ಪುವುದಿಲ್ಲ. ಸ್ಟುಡಿಯೊಗೆ ಬೀಗ ಹಾಕಿ ಬರುವ ಕಲಾವಿದೆಗೆ ಮಾತ್ರ ಆ ವಾರ ಸಂಪಾದನೆ ಇಲ್ಲ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ನಮ್ಮೂರಿನ ಪದ್ಧತಿಯನ್ನು ದಯವಿಟ್ಟು ಅಲ್ಲಿಗೂ ಒಯ್ಯಬೇಡಿ. ಎರಡು ಗೋಷ್ಠಿ ಕೈಬಿಡಿ, ಅದರಲ್ಲಿ ಉಳಿದ ಹಣವನ್ನು ಅವರ ಕೈಗೆ ಕೊಡಿ, ಬಂದ ದಿನವೇ ಕೊಡಿ.

ಎರಡನೆಯದು ಜಾಗ. ಲಂಡನ್ ಬೇಡ, ಸೆನೆಗಲ್ ದೇಶದ ರಾಜಧಾನಿ ಡಾಕಾರ್‌ನಲ್ಲಿ ಮಾಡಿ. ಬ್ರಿಟಿಷ್ ವೀಸಾಕ್ಕೆ ಬ್ಯಾಂಕ್ ಲೆಕ್ಕ ತೋರಿಸಬೇಕು. ವರ್ಷಕ್ಕೆ ನಾಲ್ಕು ಚಿತ್ರ ಮಾರಿ ಬದುಕುವವರ ಖಾತೆಗೆ ತಿಂಗಳು ತಿಂಗಳು ಹಣ ಎಲ್ಲಿಂದ ಬರಬೇಕು? ಅರ್ಜಿ ಕೇಂದ್ರವೇ ಇಲ್ಲದ ದೇಶಗಳವರು ಬೆರಳಚ್ಚು ಕೊಡಲು ಇನ್ನೊಂದು ದೇಶಕ್ಕೆ ಹೋಗಬೇಕು. ಅರ್ಜಿ ತಿರಸ್ಕಾರವಾದರೆ ಶುಲ್ಕ ವಾಪಸು ಬರುವುದಿಲ್ಲ. ಅದೇ ಡಾಕಾರ್ ಆದರೆ ನೈಜೀರಿಯ, ಘಾನಾ, ಐವರಿ ಕೋಸ್ಟ್‌ನವರು ವೀಸಾ ಇಲ್ಲದೆ ಬಂದು 90 ದಿನ ಇರಬಹುದು. ನೈರೋಬಿ, ಜೊಹಾನ್ಸ್‌ಬರ್ಗ್‌ನವರಿಗೆ ವಿಮಾನದ ಖರ್ಚು ಹೆಚ್ಚಾದೀತು, ಅದನ್ನು ನೀವು ಭರಿಸಬೇಕು. 1966ರಲ್ಲಿ ಸೆನೆಗಲ್‌ನ ಅಂದಿನ ಅಧ್ಯಕ್ಷ ಸೆಂಗೋರ್ ಕರಿಯರ ಕಲೆಗಳ ಮೊದಲ ವಿಶ್ವ ಉತ್ಸವ ನಡೆಸಿದ ಊರು ಅದು. 1990ರ ದಶಕದಿಂದ ಅಲ್ಲಿ ಡಾಕಾರ್ಟ್ ದ್ವೈವಾರ್ಷಿಕ ಕಲಾ ಪ್ರದರ್ಶನ ನಡೆಯುತ್ತಿದೆ. ಆ ಹೊತ್ತಿಗೆ ಇಟ್ಟುಕೊಂಡರೆ ಅರ್ಧದಷ್ಟು ಕಲಾವಿದರು ಊರಿನಲ್ಲೇ ಸಿಗುತ್ತಾರೆ. ಫ್ರೆಂಚ್, ಇಂಗ್ಲಿಷ್, ಪೋರ್ಚುಗೀಸ್ ಜೊತೆ ಅಲ್ಲಿನ ಜನರ ಮಾತಾದ ವೊಲೊಫ್‌ಗೂ ದುಭಾಷಿಗಳನ್ನು ಗೊತ್ತುಮಾಡಿ. ಚೌಕಟ್ಟು ಕಟ್ಟುವವರು, ಎರಕ ಹೊಯ್ಯುವವರು ಆಗ ಬಾಯಿಬಿಟ್ಟಾರು.

ಕಲಾವಿದರ ಜೊತೆ ಇಂಥ ಕೈಕೆಲಸದವರನ್ನೂ ಕರೆಯಬೇಕು. ಎಲ್ ಅನಾಟ್ಸುಯಿ ಅವರ ಕೆಲಸವನ್ನೇ ನೋಡಿ. ಘಾನಾದಲ್ಲಿ ಹುಟ್ಟಿದ ಅವರು 1975ರಿಂದ ನೈಜೀರಿಯದ ಎನ್‌ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿಸಿದವರು. ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳಿಂದ ಗೋಡೆಯಗಲದ ಪರದೆಗಳನ್ನು ಮಾಡುತ್ತಾರೆ. ಎನ್‌ಸುಕ್ಕಾದ ಕಾರ್ಯಾಗಾರದಲ್ಲಿ ಊರಿನ ಹತ್ತಾರು ಹುಡುಗರು ಕೂತು ಮುಚ್ಚಳ ಕತ್ತರಿಸಿ, ಚಪ್ಪಟೆ ಮಾಡಿ, ಮಡಚಿ, ತಿರುಚಿ, ಅಂಚಿಗೆ ತೂತು ಹಾಕಿ ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯುತ್ತಿದ್ದರು. ಹೊಲಿದ ತುಂಡುಗಳನ್ನು ನೆಲದ ಮೇಲೆ ಹಾಸಿ, ಇದನ್ನು ಅಲ್ಲಿಡಿ, ಅದನ್ನು ಇಲ್ಲಿ ಸರಿಸಿ ಎನ್ನುತ್ತಾ ಅನಾಟ್ಸುಯಿ ಕೃತಿ ಕಟ್ಟುತ್ತಿದ್ದರು. 2015ರಲ್ಲಿ ವೆನಿಸ್ ದ್ವೈವಾರ್ಷಿಕ ಅವರಿಗೆ ಜೀವಮಾನದ ಸಾಧನೆಯ ‘ಚಿನ್ನದ ಸಿಂಹ’ ಪ್ರಶಸ್ತಿ ಕೊಟ್ಟಿತು, ಅದಕ್ಕೆ ಅವರು ಅರ್ಹರೇ. ಆ ಹುಡುಗರ ದಿನಗೂಲಿ, ಬೆರಳಿನ ಗಾಯ, ಅಲ್ಲಿ ಕಲಿತು ಮುಂದೆ ಸ್ವಂತ ಕೆಲಸ ಹಿಡಿದವರ ಕಥೆ, ಇವೆಲ್ಲ ನಿಮ್ಮ ಸಮ್ಮೇಳನದ ನಡುಮಧ್ಯದಲ್ಲಿ ಇರಬೇಕಾದ ವಿಷಯಗಳು.

ಕರಾರಿನ ಗೋಷ್ಠಿಗೆ ಜೊಹಾನ್ಸ್‌ಬರ್ಗ್‌ನ ಸಾಲೊಮನ್ ಲಿಂಡಾ ಅವರ ಕಥೆಯೊಂದೇ ಸಾಕು. ರೆಕಾರ್ಡ್ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ಜುಲು ಗಾಯಕ ಅವರು. 1939ರಲ್ಲಿ ಅವರು ಹಾಡಿದ ಹಾಡೊಂದು ರೂಪ ಬದಲಿಸಿಕೊಂಡು ಜಗತ್ತನ್ನೆಲ್ಲ ಸುತ್ತಿತು. ಹಕ್ಕುಗಳನ್ನು ಅವರು ಬರೆದುಕೊಟ್ಟದ್ದು 10 ಶಿಲಿಂಗಿಗೆ ಎನ್ನುತ್ತಾರೆ. 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಹೆಣ್ಣುಮಕ್ಕಳು ದಾವೆ ಹೂಡಿ ರಾಜಿಯಾಗುವಷ್ಟರಲ್ಲಿ 2006 ಬಂದಿತ್ತು. ಮಾಲಿ ದೇಶದ ಬಮಾಕೊದ ಛಾಯಾಗ್ರಾಹಕ ಸೆಯ್ದೂ ಕೇಟಾ ಅವರದು ಇನ್ನೊಂದು ಬಗೆ. ಮರಗೆಲಸ ಕಲಿತಿದ್ದ ಅವರು 1948ರಲ್ಲಿ ಸ್ಟುಡಿಯೊ ತೆರೆದರು. ಮಂಚದ ಹೊದಿಕೆಯನ್ನೇ ಹಿಂದೆ ಪರದೆಯಾಗಿ ಕಟ್ಟುತ್ತಿದ್ದರು. 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಅವರ ಚಿತ್ರಗಳು ತೂಗಿದಾಗ ಕೆಳಗೆ ಅವರ ಹೆಸರಿರಲಿಲ್ಲ, ಅಜ್ಞಾತ ಛಾಯಾಗ್ರಾಹಕ ಎಂದಿತ್ತು. ಅವರಾದರೋ ಬಮಾಕೊದಲ್ಲೇ ಇದ್ದರು.

ಕಾನೂನಿಗೂ ಒಂದು ಬೆಳಗ್ಗೆ ಮೀಸಲಿಡಿ. ಕಲಾವಿದರಿಗೂ ಉಳಿದ ಕಾರ್ಮಿಕರಂತೆ ಸಾಮಾಜಿಕ ಭದ್ರತೆ ಬೇಕೆಂದು ಯುನೆಸ್ಕೊ ಶಿಫಾರಸು ಮಾಡಿದ್ದು 1980ರಲ್ಲಿ. ಕಲಾವಿದರ ಸ್ಥಾನಮಾನದ ಮಸೂದೆಯನ್ನು ಸೆನೆಗಲ್ ಅಂಗೀಕರಿಸಿದ್ದು 2020ರ ಕೊನೆಗೆ. ಅದರಿಂದ ಯಾರಿಗೆ ಏನು ಸಿಕ್ಕಿತು, ಯಾರಿಗೆ ಸಿಕ್ಕಿಲ್ಲ ಎಂಬುದನ್ನು ಅಧಿಕಾರಿಗಳ ಎದುರಿಗೇ ಡಾಕಾರ್‌ನ ಕಲಾವಿದರು ಹೇಳಲಿ. ಪ್ರಬಂಧ ಓದಿಸಬೇಡಿ, ಮಾತಾಡಲು ಬಿಡಿ.

ಇನ್ನು ಕರ್ನಾಟಕದ ಆ ಇಬ್ಬರ ವಿಷಯ. ಖಂಡಿತ ಕರೆಸಿ. ಭಾಷಣಕ್ಕಿಂತ ಕೇಳಿಸಿಕೊಳ್ಳಲು ಅವರು ಹೋಗಲಿ. ಬಂದ ಮೇಲೆ ನಮಗೆ ಬರೆಯಲಿ, ಸಂಭಾವನೆ ಕೊಟ್ಟೇ ಪ್ರಕಟಿಸುತ್ತೇವೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಕನಿಷ್ಠ 10 ದಿನವಾದ ಮೇಲೆಯೇ ಹೊರಡುವಂತೆ ಅವರಿಗೆ ಈಗಲೇ ತಿಳಿಸಿಬಿಡಿ. ಸೆನೆಗಲ್‌ನಿಂದ ಹಿಂದಿರುಗುವಾಗ ಆ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದು ಕ್ವಾರಂಟೈನ್‌ನಲ್ಲಿ ಇಡುತ್ತಾರೆ.