ಕಂಬದ ಬೋದಿಗೆಯ (ತಲೆಭಾಗದ) ಹಳೇ ಶಾಯಿ ಚಿತ್ರ: ಕೈಯಲ್ಲಿ ಬರೆದದ್ದೋ, ಅಚ್ಚಾದದ್ದೋ ಹೇಗೆ ತಿಳಿಯುವುದು?

ಮೊದಲು ಚಿತ್ರವನ್ನು ಫ್ರೇಮಿನಿಂದ ಹೊರಗೆ ತೆಗೆಯಿರಿ. ಗಾಜಿನ ಮೇಲಿಂದ ನೋಡಿ ಹೇಳುವುದೆಲ್ಲ ಬರೀ ಊಹೆ. ಆಮೇಲೆ ಭೂತಗನ್ನಡಿ ಹಿಡಿಯಿರಿ. ಸಣ್ಣ ಚುಕ್ಕಿಗಳು ಸಾಲುಸಾಲಾಗಿ ಕಂಡರೆ ಅದು ಯಂತ್ರದ ಅಚ್ಚು, ಅಲ್ಲಿಗೆ ಮುಗಿಯಿತು.

ಚುಕ್ಕಿ ಇಲ್ಲವೇ? ಹಾಗಾದರೆ ಬೋದಿಗೆಯ ಅಲಂಕಾರದ ಸುರುಳಿಯ ನಡುಭಾಗ ನೋಡಿ. ನಾನು ಜಾಸ್ತಿ ನಂಬುವುದು ಇದನ್ನೇ. ಕೈವಾರದಿಂದ ಬರೆದಿದ್ದರೆ ಅದರ ಮುಳ್ಳು ಊರಿದ ಕಡೆ ಸೂಜಿಮೊನೆಯಷ್ಟು ತೂತು ಉಳಿದಿರುತ್ತದೆ. ಗ್ರೀಕರ ಅಯೋನಿಕ್ ಶೈಲಿಯ ಸುರುಳಿಯಾದರೆ ಒಂದಲ್ಲ, ಹತ್ತಿರ ಹತ್ತಿರ ಹಲವು ತೂತು ಸಿಗಬಹುದು. ಯಾಕೆಂದರೆ ಕಾಲು ಸುತ್ತು ಮುಗಿದ ಹಾಗೆಲ್ಲ ಮುಳ್ಳಿನ ಜಾಗ ಬದಲಿಸಬೇಕು. ಹಾಳೆಯನ್ನು ಬೆಳಕಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಶಾಯಿಯ ಕೆಳಗೆ ಪೆನ್ಸಿಲ್ ಗೆರೆ ಇಣುಕುತ್ತಿದ್ದರೆ, ಎರಡು ಗೆರೆ ದಾಟುವಲ್ಲಿ ಬಣ್ಣ ಗಾಢವಾಗಿದ್ದರೆ, ಕೈಬರಹ ಅನ್ನಲು ಇನ್ನಷ್ಟು ಧೈರ್ಯ.

ತಾಮ್ರದ ತಗಡಿನ ಅಚ್ಚಾದರೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ. ಅಂಚು ಕತ್ತರಿಸಿದ್ದರೆ ಅದು ಸಿಗಲ್ಲ, ಅಷ್ಟೇ.

ಕಂದು ಬಣ್ಣ ನೋಡಿ ಸುಮ್ನೆ ಹಳೆಯದು ಅಂದುಕೊಳ್ಳಬೇಡಿ. ಕಬ್ಬಿಣದ ಅಂಶವಿರುವ ಶಾಯಿ ಕಾಲ ಕಳೆದಂತೆ ಕಂದಾಗುತ್ತದೆ, ನಿಜ. ಆದರೆ ಮೊದಲೇ ಕಂದಾಗಿರುವ ಶಾಯಿಗಳೂ ಇದ್ದವು. ಕಾಗದವೇ ಹೆಚ್ಚು ಹೇಳುತ್ತದೆ: ಯುರೋಪಿನಲ್ಲಿ ಕಾಗದ ಮಾಡುವ ಜಾಲರಿಯ ಉದ್ದುದ್ದ ಗೆರೆ ಕಾಣದ ಕಾಗದ ಬಂದದ್ದೇ 1750ರ ದಶಕದಲ್ಲಿ. ಅಂಥ ಕಾಗದದ ಮೇಲಿರುವ ಯುರೋಪಿನ ಚಿತ್ರವನ್ನು ಯಾರಾದರೂ 1600ರ ಕಾಲದ್ದು ಅಂದರೆ ನಂಬಬೇಡಿ.