ಪೋಷಣೆಯ ಜೊತೆ ಆರೋಗ್ಯ ವರ್ಧನೆ: ಎರಡು ದೋಣಿಯ ಪಯಣವೇ?

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಪೋಷಣಾಶಾಸ್ತ್ರ, ಆರೋಗ್ಯ ವರ್ಧನೆ ಎರಡೂ ಇರುವ ಪದವಿಗೆ ಸೇರುವಾಸೆ. ಯಾವುದೂ ಗಟ್ಟಿಯಾಗುವುದಿಲ್ಲ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ, ಒಂದಿಲ್ಲದೆ ಇನ್ನೊಂದು ಅರೆಬರೆ. ರಕ್ತಹೀನತೆಯನ್ನೇ ನೋಡಿ. ಹದಿಹರೆಯದವರಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಕಬ್ಬಿಣ ಮೈಗೂಡಲು ನಿಂಬೆರಸ ಹೇಗೆ ನೆರವಾಗುತ್ತದೆ, ಊಟದ ಜೊತೆಗಿನ ಕಾಫಿ, ಟೀ ಏಕೆ ಅಡ್ಡಿ ಎನ್ನುವುದನ್ನು ಪೋಷಣಾಶಾಸ್ತ್ರ ಕಲಿಸುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದರೆ, ಮಲ ಕಪ್ಪಾದರೆ ಮಕ್ಕಳು ಹೆದರಿ ಮಾತ್ರೆ ಬಿಸಾಡುತ್ತಾರೆ. ಬಿಸಿಯೂಟ ಮುಗಿದ ಮೇಲೆ ಶಿಕ್ಷಕರೆದುರೇ ನುಂಗುವ ವ್ಯವಸ್ಥೆ ಮಾಡುವುದು, ಕಪ್ಪು ಬಣ್ಣ ಅಪಾಯವಲ್ಲವೆಂದು ತಾಯಂದಿರಿಗೆ ಮೊದಲೇ ತಿಳಿಸುವುದು ಆರೋಗ್ಯ ವರ್ಧನೆಯ ಕೆಲಸ. ಬರೀ ಉಪದೇಶ ಸಾಲದು, ಸುತ್ತಲಿನ ಪರಿಸರ, ನೀತಿಗಳೂ ಬದಲಾಗಬೇಕೆಂದು ಆರೋಗ್ಯ ವರ್ಧನೆ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದ 1986ರ ಒಟ್ಟಾವಾ ಸನ್ನದು ಹೇಳಿದ್ದು ಇದನ್ನೇ.

ಸೇರುವ ಮೊದಲು ಪಠ್ಯಕ್ರಮ ತರಿಸಿ ನೋಡಿ. ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಪ್ರಯೋಗಾಲಯ ಸಮೇತ ಇರಲೇಬೇಕು, ಸಂಖ್ಯಾಶಾಸ್ತ್ರವೂ. ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕ್ಷೇತ್ರಕಾರ್ಯ ಎಷ್ಟು ದಿನ ಎಂದು ಕೇಳಿ. ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನು ಕೇಳಿ ಬರೆದುಕೊಳ್ಳುವ ವಿಧಾನ ಪುಸ್ತಕದಿಂದ ಬರುವುದಿಲ್ಲ: ಒಗ್ಗರಣೆಯ ಎಣ್ಣೆ, ಟೀಯ ಸಕ್ಕರೆ, ನಡುವೆ ತಿಂದ ಕುರುಕಲು ಯಾರಿಗೂ ನೆನಪಿರುವುದಿಲ್ಲ. ಅಳತೆಯ ಲೋಟ, ಚಮಚ ಮುಂದಿಟ್ಟು ಕೇಳಿಯೇ ಕೈ ಪಳಗಬೇಕು.

ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗುವ ಗುರಿಯಿದ್ದರೆ ಈ ಪದವಿಯೊಂದೇ ಸಾಲದು. ಸ್ನಾತಕೋತ್ತರ ಓದು, ಆಸ್ಪತ್ರೆ ತರಬೇತಿಗೂ ಸಮಯ, ಹಣ ಎತ್ತಿಡಿ.