ಬೀರುವಿನಲ್ಲಿ ಮಲಗಿರುವ ಡಿ.ಎಡ್.

ಮುಂಬಯಿ, ಪುಣೆ, ಗೋವಾದ ಕನ್ನಡ ಶಾಲೆಗಳಲ್ಲಿ ಟೀಚರ್‌ಗಳೇ ಸಿಗುತ್ತಿಲ್ಲ ಎಂಬ ದೂರಿನ ಜೊತೆಗೆ, ‘ನಾನು ಟೀಚರ್ ಆಗಬಹುದೇ?’ ಎಂದು ಕೇಳುವ ಪತ್ರಗಳೂ ಬಂದಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: 2010ರಲ್ಲಿ ದಾವಣಗೆರೆಯಲ್ಲಿ ಡಿ.ಎಡ್. ಮುಗಿಸಿದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಪಾಠ ಮಾಡಿಲ್ಲ. ಪಿಯುಸಿಯಲ್ಲಿ ಶೇ. 47, ಆಮೇಲೆ ಬಿ.ಎ. ಆಗಿದೆ. ಈಗ 36 ವರ್ಷ. ಹತ್ತಿರದ ಕನ್ನಡ ಶಾಲೆಯವರು ‘ಬರ್ತೀರಾ?’ ಎಂದು ಕೇಳುತ್ತಿದ್ದಾರೆ. ನನ್ನ ಕರ್ನಾಟಕದ ಸರ್ಟಿಫಿಕೇಟು ಇಲ್ಲಿ ನಡೆಯುತ್ತದೆಯೇ?
*— ಗೃಹಿಣಿ, ಡೊಂಬಿವಲಿ*

ಉತ್ತರ: ನಡೆಯುತ್ತದೆ. ನೀವು ಓದಿದ ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, ಮಾನ್ಯತೆ ಇದ್ದರೆ ಆ ಡಿ.ಎಡ್. ದೇಶದ ಎಲ್ಲ ಕಡೆಗೂ ಸಲ್ಲುತ್ತದೆ. ಪಿಯುಸಿ ಅಂಕ ನೋಡಿ ಹಿಂಜರಿಯಬೇಡಿ. 1ರಿಂದ 5ನೇ ತರಗತಿಯ ಶಿಕ್ಷಕರಿಗೆ 2010ರ ಆಗಸ್ಟ್ 23ರ ಎನ್‌ಸಿಟಿಇ ಅಧಿಸೂಚನೆ ಮತ್ತು ಅದರ 2011ರ ತಿದ್ದುಪಡಿ ಹಲವು ದಾರಿ ಕೊಟ್ಟಿವೆ. ಅದರಲ್ಲೊಂದು ‘ಪದವಿ ಮತ್ತು ಎರಡು ವರ್ಷದ ಡಿ.ಎಲ್.ಎಡ್.’ (ಡಿ.ಎಡ್.ನ ಈಗಿನ ಹೆಸರು). ಈ ದಾರಿಗೆ ಶೇಕಡಾವಾರು ಮಿತಿಯೇ ಇಲ್ಲ. ನಿಮ್ಮ ಬಿ.ಎ. ನಿಮ್ಮನ್ನು ಕಾಪಾಡಿತು.

ನಿಮಗೆ ಬಾಕಿ ಇರುವುದು ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಒಂದೇ. ಕರ್ನಾಟಕದ ಟಿಇಟಿ ಬರೆದರೆ ಇಲ್ಲಿ ಪ್ರಯೋಜನವಿಲ್ಲ. ಮಹಾರಾಷ್ಟ್ರದ ಟಿಇಟಿ ಅಥವಾ ಸಿಬಿಎಸ್‌ಇ ನಡೆಸುವ ಕೇಂದ್ರದ ಟಿಇಟಿಯಾದ ಸಿಟೆಟ್, ಎರಡರಲ್ಲಿ ಯಾವುದಾದರೂ ಆದೀತು. ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಮಹಾರಾಷ್ಟ್ರ ಟಿಇಟಿಯಲ್ಲೂ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಬಹುದು. ಆದರೂ ನಿಮ್ಮಂಥವರಿಗೆ ನಮ್ಮ ಸಲಹೆ ಸಿಟೆಟ್. ಕಾರಣ ಅದರ ಅಂಕಗಳ ಹಂಚಿಕೆಯಲ್ಲಿದೆ. ಮೊದಲ ಪತ್ರಿಕೆಗೆ 150 ಪ್ರಶ್ನೆ, 150 ನಿಮಿಷ. ತಪ್ಪಿದರೆ ಅಂಕ ಕಳೆಯುವುದಿಲ್ಲ. ಶಿಶು ಮನೋವಿಜ್ಞಾನ 30. ಗಣಿತ, ಪರಿಸರ ಅಧ್ಯಯನ, ಎರಡು ಭಾಷೆ ಪ್ರತಿಯೊಂದಕ್ಕೂ 30. ಈ ನಾಲ್ಕರಲ್ಲೂ ತಲಾ 15 ಪ್ರಶ್ನೆ ‘ಹೇಗೆ ಕಲಿಸುತ್ತೀರಿ’ ಎಂಬುದರ ಮೇಲೆ. ಅಂದರೆ ಮನೋವಿಜ್ಞಾನವೂ ಸೇರಿ ಬೋಧನೆಗೇ 90 ಅಂಕ, ಪಾಸಾಗಲು ಬೇಕಾದದ್ದೂ 90. ಡಿ.ಎಡ್.ನಲ್ಲಿ ಓದಿದ್ದನ್ನು ಮೂರು ತಿಂಗಳು ಮತ್ತೆ ತಿರುವಿ ಹಾಕಿದರೆ ಹಳೆಯ ಗಣಿತಕ್ಕೆ ಹೆದರಬೇಕಾಗಿಲ್ಲ.

ಇಲ್ಲಿ ಕನ್ನಡಿಗರು ಎಡವುವ ಜಾಗ ಒಂದಿದೆ. ಮುಖ್ಯ ಪ್ರಶ್ನೆಪುಸ್ತಿಕೆ ಹಿಂದಿ-ಇಂಗ್ಲಿಷ್‌ನಲ್ಲಿರುತ್ತದೆ. ಅರ್ಜಿಯಲ್ಲಿ ಮೊದಲ ಭಾಷೆ ಕನ್ನಡ ಎಂದು ತುಂಬಿದ್ದರೆ, ಕನ್ನಡದ 30 ಪ್ರಶ್ನೆಗಳಿಗೆ ಬೇರೆಯೇ ಪೂರಕ ಪುಸ್ತಿಕೆ ಇರುತ್ತದೆ. ಮುಂಬಯಿಯ ಕೇಂದ್ರಗಳಲ್ಲಿ ಕನ್ನಡ ಆಯ್ದವರು ಕೋಣೆಗೆ ಒಬ್ಬರೋ ಇಬ್ಬರೋ. ಮೇಲ್ವಿಚಾರಕರು ಮರೆತರೆ ನೀವೇ ಎದ್ದು ಕೇಳಿ ಪಡೆಯಬೇಕು. ಅದು ಸಿಗದೆ ಮುಖ್ಯ ಪುಸ್ತಿಕೆಯ ಹಿಂದಿ ಭಾಗಕ್ಕೇ ಉತ್ತರ ತುಂಬಿದರೆ ಕನ್ನಡದ ಕೀಲಿ ಉತ್ತರಕ್ಕೆ ತಾಳೆ ಹಾಕುತ್ತಾರೆ, 30 ಅಂಕ ಹೋದ ಹಾಗೆಯೇ. ಓಎಂಆರ್ ಹಾಳೆಯಲ್ಲಿ ಭಾಷೆಯ ಕೋಡ್ ತುಂಬುವುದನ್ನೂ ಮರೆಯಬೇಡಿ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಆಜೀವ. ಏಳು ವರ್ಷದ ಹಳೆಯ ಗಡುವು 2021ರಲ್ಲಿ ಹೋಯಿತು.

ಇನ್ನು ಹೆಸರು. ಇದು ಸಣ್ಣದು ಅನಿಸುತ್ತದೆ, ಆದರೆ ಅತಿ ಹೆಚ್ಚು ಫೈಲು ನಿಲ್ಲುವುದು ಇಲ್ಲಿಯೇ. ಕರ್ನಾಟಕದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಸುಜಾತಾ ಕೆ.’ ಎಂದಿರುತ್ತದೆ, ಆಧಾರ್‌ನಲ್ಲಿ ಗಂಡನ ಹೆಸರು ಮತ್ತು ಮನೆತನದ ಹೆಸರು, ಇಲ್ಲಿನ ಅರ್ಜಿ ಕೇಳುವುದು ಅಡ್ಡಹೆಸರು, ಹೆಸರು, ತಂದೆ ಅಥವಾ ಗಂಡನ ಹೆಸರು ಎಂಬ ಕ್ರಮ. ಮೂರು ಕಡೆ ಮೂರು ಹೆಸರಾದರೆ ದಾಖಲೆ ಪರಿಶೀಲನೆಯ ದಿನ ‘ಇವರು ಯಾರು?’ ಎಂಬ ಪ್ರಶ್ನೆ ಬರುತ್ತದೆ. ಸಿಟೆಟ್ ಅರ್ಜಿಯನ್ನು ಎಸ್‌ಎಸ್‌ಎಲ್‌ಸಿ ಹೆಸರಿನಲ್ಲೇ ತುಂಬಿ. ಮದುವೆ ನೋಂದಣಿ ಪತ್ರ, ಮಹಾರಾಷ್ಟ್ರ ರಾಜಪತ್ರದಲ್ಲಿ ಹೆಸರು ಬದಲಾವಣೆಯ ಪ್ರಕಟಣೆ, ಇವೆರಡನ್ನೂ ಈಗಲೇ ಮಾಡಿಟ್ಟುಕೊಳ್ಳಿ. ಡಿ.ಎಡ್. ಅಂಕಪಟ್ಟಿ ಕಳೆದಿದ್ದರೆ ಬೆಂಗಳೂರಿನ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಿ. ಊರಿಗೆ ಹೋದಾಗ ನೋಡೋಣ ಎಂದು ಮುಂದೂಡಬೇಡಿ.

ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ನೇಮಕಾತಿಯಲ್ಲಿ ಮೀಸಲಾತಿ ಕೊಡುವುದಿಲ್ಲ, ಮದುವೆಯಾಗಿ ಬಂದವರಿಗೂ ಇಲ್ಲ. ಹಾಗಾಗಿ ಸರಕಾರಿ ನೇಮಕಾತಿಯ ಸಾಮಾನ್ಯ ವರ್ಗದ 38 ವರ್ಷದ ಮಿತಿಯೇ ನಿಮಗೂ ಅನ್ವಯ ಎಂದು ಲೆಕ್ಕ ಹಾಕಿ. ನಿಮ್ಮ ಕೈಯಲ್ಲಿರುವುದು ಎರಡೇ ವರ್ಷ.

ಟೀಚರ್‌ಗಳ ಕೊರತೆ ನೀಗಲು ಹೊಸ ಕೋರ್ಸು, ಹೊಸ ಕಾಲೇಜು ಬೇಕೆಂದು ಸಂಘದ ವೇದಿಕೆಗಳಲ್ಲಿ ಹೇಳುತ್ತಲೇ ಇರುತ್ತಾರೆ. ಕನ್ನಡದಲ್ಲಿ ತರಬೇತಾದ ಶಿಕ್ಷಕಿಯರು ಈಗಾಗಲೇ ಮುಂಬಯಿಯಲ್ಲಿದ್ದಾರೆ. ಸೊಸೆಯರಾಗಿ ಬಂದವರು, ಟಿಸಿಎಚ್, ಡಿ.ಎಡ್. ಸರ್ಟಿಫಿಕೇಟನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟವರು. ಅರಿಶಿನ ಕುಂಕುಮದ ದಿನ ಒಂದು ವಹಿ ಇಟ್ಟು ಹೆಸರು, ಓದಿದ ವರ್ಷ, ಮಾಧ್ಯಮ ಬರೆಸಿಕೊಂಡರೆ ಪಟ್ಟಿ ಸಿದ್ಧವಾಗುತ್ತದೆ.

ಪ್ರಶ್ನೆ: ನಾನು ಎಂ.ಎ. ಕನ್ನಡ, ಬಿ.ಎಡ್. ಪ್ರಾಥಮಿಕ ಶಾಲೆಯಲ್ಲಿ ಜಾಗ ಖಾಲಿ ಇದೆ, ಆದರೆ ಬೇಡ ಎನ್ನುತ್ತಾರೆ. ಹೆಚ್ಚು ಓದಿದ್ದೇ ತಪ್ಪಾಯಿತೇ?
*— ಮುಲುಂಡ್*

ಉತ್ತರ: 1ರಿಂದ 5ಕ್ಕೆ ಬಿ.ಎಡ್. ಈಗ ಅರ್ಹತೆಯಲ್ಲ. 2018ರಲ್ಲಿ ಎನ್‌ಸಿಟಿಇ ತೆರೆದಿದ್ದ ಆ ಬಾಗಿಲನ್ನು ಸುಪ್ರೀಂ ಕೋರ್ಟು 2023ರ ಆಗಸ್ಟ್ 11ರಂದು ಮುಚ್ಚಿತು. ಪುಟ್ಟ ಮಕ್ಕಳಿಗೆ ಕಲಿಸುವ ತರಬೇತಿ ಬಿ.ಎಡ್.ನಲ್ಲಿ ಇಲ್ಲ ಎಂಬುದು ಕಾರಣ. ಆರು ತಿಂಗಳ ಬ್ರಿಜ್ ಕೋರ್ಸು ಇದೆಯಲ್ಲ ಎಂದು ಕೇಳುತ್ತೀರಿ. ಅದು ಆ ದಿನಕ್ಕೆ ಮೊದಲೇ ಕೆಲಸಕ್ಕೆ ಸೇರಿದವರಿಗೆ ಮಾತ್ರ. ನೀವು ಬರೆಯಬೇಕಾದದ್ದು ಸಿಟೆಟ್‌ನ ಎರಡನೇ ಪತ್ರಿಕೆ, 6ರಿಂದ 8ಕ್ಕೆ. ಅದರಲ್ಲಿ ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ 60 ಅಂಕ; ಭಾಷಾ ಶಿಕ್ಷಕರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಎಂ.ಎ. ಕನ್ನಡದವರಿಗೆ ಸಮಾಜ ವಿಜ್ಞಾನವೇ ವಾಸಿ. 9 ಮತ್ತು 10ನೇ ತರಗತಿಗೆ ಸದ್ಯ ಟಿಇಟಿ ಇಲ್ಲ, ಪದವಿ ಮತ್ತು ಬಿ.ಎಡ್. ಸಾಕು.

ಪ್ರಶ್ನೆ: ನಮ್ಮ ಅನುದಾನಿತ ಕನ್ನಡ ಪ್ರಾಥಮಿಕ ಶಾಲೆಯ ಇಬ್ಬರು ಟೀಚರ್‌ಗಳು ಮುಂದಿನ ಮೇಯಲ್ಲಿ ನಿವೃತ್ತರಾಗುತ್ತಾರೆ. ಆಡಳಿತ ಮಂಡಳಿಯೇ ನೇಮಿಸಿಕೊಳ್ಳಬಹುದೇ, ಸರಕಾರದ ಶಿಕ್ಷಕ ನೇಮಕಾತಿ ಜಾಲತಾಣವಾದ ಪವಿತ್ರ ಪೋರ್ಟಲ್‌ಗೆ ಕಾಯಬೇಕೇ?
*— ಶಾಲಾ ಸಮಿತಿಯ ಕಾರ್ಯದರ್ಶಿ, ಪಶ್ಚಿಮ ಉಪನಗರ*

ಉತ್ತರ: ಭಾಷಾ ಅಲ್ಪಸಂಖ್ಯಾತ ಸಂಸ್ಥೆ ಎಂಬ ಪ್ರಮಾಣಪತ್ರ ಕೈಯಲ್ಲಿದ್ದರೆ ನೀವೇ ಆಯ್ಕೆ ಮಾಡಬಹುದು. ‘ನಮ್ಮದು ಕನ್ನಡ ಸಂಸ್ಥೆ, ಎಲ್ಲರಿಗೂ ಗೊತ್ತು’ ಎಂಬುದು ಕಚೇರಿಯಲ್ಲಿ ನಡೆಯದು, ಅಲ್ಪಸಂಖ್ಯಾತ ವಿಕಾಸ ವಿಭಾಗದ ಕಾಗದ ಬೇಕು.

ಆದರೆ ಅದಕ್ಕೂ ಮೊದಲು ಹುದ್ದೆ ಇದೆಯೇ ನೋಡಿ. ನಿವೃತ್ತರಾದವರ ಕುರ್ಚಿ ತಾನಾಗಿ ಖಾಲಿ ಹುದ್ದೆಯಾಗುವುದಿಲ್ಲ. ಪ್ರತಿವರ್ಷದ ‘ಸಂಚ್ ಮಾನ್ಯತೆ’ಯಲ್ಲಿ (ಶಾಲೆಗೆ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ) ಎಷ್ಟು ಹುದ್ದೆ ಎಂದು ಬಂದಿದೆಯೋ ಅಷ್ಟೇ. ಅದರ ಲೆಕ್ಕ ಸೆಪ್ಟೆಂಬರ್ 30ರ ಹಾಜರಿ ಮತ್ತು ಆಧಾರ್ ತಾಳೆಯಾದ ಮಕ್ಕಳ ಸಂಖ್ಯೆಯ ಮೇಲೆ. ತರಗತಿಯಲ್ಲಿ ಮಗು ಕೂತಿದೆ, ಆಧಾರ್‌ನಲ್ಲಿ ಹುಟ್ಟಿದ ದಿನ ತಪ್ಪಿದೆ ಎಂದರೆ ಆ ಮಗು ಲೆಕ್ಕಕ್ಕಿಲ್ಲ. ವಲಸೆ ಬಂದ ಕಾರ್ಮಿಕರ ಮಕ್ಕಳೇ ಹೆಚ್ಚಿರುವ ನಮ್ಮ ಶಾಲೆಗಳಲ್ಲಿ ಹುದ್ದೆ ಹೋಗುವುದು ಹೀಗೆಯೇ. ಜುಲೈ, ಆಗಸ್ಟ್‌ನಲ್ಲಿ ಒಬ್ಬ ಗುಮಾಸ್ತರನ್ನು ಇದೊಂದೇ ಕೆಲಸಕ್ಕೆ ಕೂರಿಸಿ. 2024ರ ಮಾರ್ಚ್ 15ರ ಸರಕಾರಿ ಆದೇಶದ ನಂತರ ನಿಯಮ ಬಿಗಿಯಾಗಿದೆ, ಗೋಡೆಗೆ ಅಂಟಿಸಿದ ಹಳೆಯ ಕೋಷ್ಟಕ ತೆಗೆದುಹಾಕಿ.

ಹುದ್ದೆ ಖಚಿತವಾದ ಮೇಲೆ, ಕನ್ನಡ ಮಾಧ್ಯಮದ ಹೆಚ್ಚುವರಿ ಶಿಕ್ಷಕರು ಯಾರಾದರೂ ಇದ್ದಾರೆಯೇ ಎಂದು ಕಚೇರಿಗೆ ಪತ್ರ ಬರೆದು, ಬಂದ ಉತ್ತರವನ್ನು ಫೈಲಿಗೆ ಹಾಕಿ. ಮುಂದೆ ಪತ್ರಿಕೆಯಲ್ಲಿ ಜಾಹೀರಾತು; ಮಾಧ್ಯಮ, ಡಿ.ಎಲ್.ಎಡ್., ಟಿಇಟಿ ಮೊದಲ ಪತ್ರಿಕೆ ಎಂದು ಸ್ಪಷ್ಟವಾಗಿ ಬರೆಯಿರಿ. ಕನ್ನಡ ಪತ್ರಿಕೆಯೊಂದರಲ್ಲೇ ಹಾಕಿ ಸುಮ್ಮನಾಗಬೇಡಿ, ಮರಾಠಿಯಲ್ಲೂ ಹಾಕಿ. ಆಕ್ಷೇಪ ಬಂದರೆ ತೋರಿಸಲು ಬೇಕಾಗುತ್ತದೆ. ಸಂದರ್ಶನದ ಅಂಕಪಟ್ಟಿಗೆ ಸಮಿತಿಯ ಎಲ್ಲರ ಸಹಿ, ಆಮೇಲೆ ಠರಾವು, ನೇಮಕಪತ್ರ. ಇಷ್ಟನ್ನೂ ಸೇರಿಸಿ ಆ ಶಿಕ್ಷಕರ ನೇಮಕಕ್ಕೆ ವೈಯಕ್ತಿಕ ಮಾನ್ಯತೆ ಕೋರುವ ಪ್ರಸ್ತಾವ ಕಳಿಸಬೇಕು. ಮುಂಬಯಿಯಲ್ಲಿ ಪ್ರಾಥಮಿಕಕ್ಕೆ ಮಹಾನಗರ ಪಾಲಿಕೆಯ ಶಿಕ್ಷಣಾಧಿಕಾರಿ, ಮಾಧ್ಯಮಿಕಕ್ಕೆ ವಿಭಾಗದ ಶಿಕ್ಷಣ ನಿರೀಕ್ಷಕರು. ಮಾನ್ಯತೆ ಸಿಕ್ಕ ಮೇಲೆ ಶಾಲಾರ್ಥ್ ಐಡಿ; ಅದು ಬಂದರೇನೇ ಸರಕಾರದಿಂದ ಸಂಬಳ. ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರವರೆಗೆ ಹೊಸಬರಿಗೆ ಕೈಯಿಂದ ಕೊಡಲು ಸಂಸ್ಥೆಯ ಬಳಿ ಹಣ ಇರಲಿ. ಇಲ್ಲದಿದ್ದರೆ ಒಳ್ಳೆಯ ಟೀಚರ್ ದೀಪಾವಳಿಯೊಳಗೆ ಪಕ್ಕದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರಾಗಿ ತಿಂಗಳಿಗೆ 16,000 ರೂಪಾಯಿ ಗೌರವಧನ ಎಂಬುದನ್ನೂ ಸಂದರ್ಶನದಲ್ಲೇ ಹೇಳಿಬಿಡಿ. ಮರಾಠಿ ಕಲಿಸಬಲ್ಲವರು ಒಬ್ಬರಾದರೂ ಇರಬೇಕು. 2020ರ ಕಾಯ್ದೆಯಂತೆ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯ.

ಪ್ರಶ್ನೆ: ಪಾಲಿಕೆಯ ಶಾಲೆಗೆ ಸೇರಬೇಕೆಂದಿದ್ದೇನೆ. ಟಿಇಟಿ ಪಾಸಾದರೆ ಸಾಕೇ?
*— ಪಿಂಪ್ರಿ, ಪುಣೆ*

ಉತ್ತರ: ಸಾಲದು. ಟಿಇಟಿ ಅರ್ಹತೆ ಮಾತ್ರ. ಪಾಲಿಕೆ, ಜಿಲ್ಲಾ ಪರಿಷತ್ ಶಾಲೆಗಳಿಗೆ ಪವಿತ್ರ ಪೋರ್ಟಲ್ ಮೂಲಕವೇ ಆಯ್ಕೆ, ಅದಕ್ಕೆ ಟಿಎಐಟಿ, ಅಂದರೆ ಶಿಕ್ಷಕರ ಸಾಮರ್ಥ್ಯ ಮತ್ತು ಬುದ್ಧಿಮತ್ತೆ ಪರೀಕ್ಷೆಯ, ಅಂಕ ಬೇಕು. 200 ಪ್ರಶ್ನೆಗೆ 120 ನಿಮಿಷ, ಒಂದಕ್ಕೆ 36 ಸೆಕೆಂಡು. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಇಲ್ಲ. ಮರಾಠಿ ಅಥವಾ ಇಂಗ್ಲಿಷ್ ಆರಿಸಿಕೊಳ್ಳಿ. ಇದು ಪ್ರತಿವರ್ಷ ನಡೆಯುವುದಿಲ್ಲ: 2017ರ ನಂತರ 2023ರಲ್ಲಿ, ಆಮೇಲೆ 2025ರಲ್ಲಿ. ತಪ್ಪಿಸಿಕೊಂಡರೆ ಎಷ್ಟು ಕಾಯಬೇಕಾದೀತು ಎಂದು ನೀವೇ ಊಹಿಸಿ. ಪೋರ್ಟಲ್‌ನ ಸ್ವಪ್ರಮಾಣಪತ್ರದಲ್ಲಿ ನೀವು ಓದಿದ ಮಾಧ್ಯಮ ಕನ್ನಡ ಎಂದು ಸರಿಯಾಗಿ ತುಂಬಿ, ಅದೇ ನಿಮ್ಮನ್ನು ಕನ್ನಡ ಹುದ್ದೆಗೆ ಜೋಡಿಸುವುದು.

ಪ್ರಶ್ನೆ: 2005ರಿಂದ ಕನ್ನಡ ಶಾಲೆಯಲ್ಲಿದ್ದೇನೆ, ಈಗ 49 ವರ್ಷ. ನಾನೂ ಟಿಇಟಿ ಬರೆಯಬೇಕಂತೆ, ಹೌದೇ?
*— ಶಿಕ್ಷಕಿ, ಭಾಂಡುಪ್*

ಉತ್ತರ: 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವ ಹಾಲಿ ಶಿಕ್ಷಕರು ಎರಡು ವರ್ಷದೊಳಗೆ ಪಾಸಾಗಬೇಕು. ಐದಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಬಡ್ತಿ ಬೇಕಾದರೆ ಮಾತ್ರ ಟಿಇಟಿ ಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ವಿಷಯವನ್ನು ಅದೇ ತೀರ್ಪು ದೊಡ್ಡ ಪೀಠಕ್ಕೆ ಒಪ್ಪಿಸಿದೆ. ನಿಮ್ಮ ಸಂಸ್ಥೆ ಆ ಗುಂಪಿನದಾದರೂ ಕಾಯುತ್ತ ಕೂರಬೇಡಿ, ಬರೆದುಬಿಡಿ. ಇಪ್ಪತ್ತು ವರ್ಷ ಕಲಿಸಿದವರಿಗೆ ಮೇಲೆ ಹೇಳಿದ ಆ 90 ಅಂಕ ದೂರವಲ್ಲ; ಕಷ್ಟವಾಗುವುದು ಎರಡೂವರೆ ಗಂಟೆ ಒಂದೇ ಸಮನೆ ವೃತ್ತ ತುಂಬುವುದು, ಅದನ್ನು ಮನೆಯಲ್ಲಿ ಗಡಿಯಾರ ಇಟ್ಟು ರೂಢಿ ಮಾಡಿ.

ಪ್ರಶ್ನೆ: ಮಗಳು ಹನ್ನೆರಡನೇ ತರಗತಿ. ಟೀಚರ್ ಆಗಬೇಕೆಂಬ ಆಸೆ. ಬಿ.ಎ. ಮಾಡಿಸಿ ಬಿ.ಎಡ್. ಕಳಿಸುವುದೇ?
*— ವಾಸ್ಕೊ, ಗೋವಾ*

ಉತ್ತರ: ಅದು ಮೂರು ಮತ್ತು ಎರಡು, ಒಟ್ಟು ಐದು ವರ್ಷ. ಹನ್ನೆರಡರ ನಂತರ ನೇರವಾಗಿ ನಾಲ್ಕು ವರ್ಷದ ಐಟಿಇಪಿ ಇದೆ, ಪದವಿ ಮತ್ತು ಬಿ.ಎಡ್. ಒಟ್ಟಿಗೆ. ಪ್ರವೇಶಕ್ಕೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಎನ್‌ಸಿಇಟಿ ಪರೀಕ್ಷೆ, ಅದನ್ನು ಕನ್ನಡದಲ್ಲೂ ಬರೆಯಬಹುದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಲ್ಲ ಕನ್ನಡಿಗರ ಕಣ್ಣಲ್ಲಿದೆ, ಆದರೆ ಗೋವಾ, ಮಹಾರಾಷ್ಟ್ರ ಸೇರುವುದು ಭೋಪಾಲದ ಸಂಸ್ಥೆಯ ವ್ಯಾಪ್ತಿಗೆ. ಅರ್ಜಿ ತುಂಬುವಾಗ ಇದು ನೆನಪಿರಲಿ. ಗೋವಾದ ಸರಕಾರಿ ಕೆಲಸಕ್ಕೆ ಕೊಂಕಣಿ ಬರಲೇಬೇಕು, ಮನೆಯಲ್ಲಿ ಕನ್ನಡ ಆದರೂ ಹೊರಗೆ ಕೊಂಕಣಿ ಓದಿ ಬರೆಯಲು ಈಗಲೇ ಕಲಿಸಿ.

ಪ್ರಶ್ನೆ: ಕುರ್ಲಾದ ಒಬ್ಬರು ಒಂದೇ ವರ್ಷದಲ್ಲಿ ಬಿ.ಎಡ್., ಹದಿನೆಂಟು ತಿಂಗಳಲ್ಲಿ ಡಿ.ಎಲ್.ಎಡ್. ಕೊಡಿಸುತ್ತೇವೆ ಎನ್ನುತ್ತಾರೆ. 80,000 ಕೇಳಿದ್ದಾರೆ.
*— ಸಾಯನ್*

ಉತ್ತರ: ಕೊಡಬೇಡಿ. ಹದಿನೆಂಟು ತಿಂಗಳ ಡಿ.ಎಲ್.ಎಡ್. ಎಂಬುದು 2017ರಲ್ಲಿ ಕೆಲಸದಲ್ಲಿದ್ದ ತರಬೇತಿ ಇಲ್ಲದ ಶಿಕ್ಷಕರಿಗಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಒಮ್ಮೆ ನಡೆಸಿ 2019ರಲ್ಲಿ ಮುಗಿಸಿದ್ದು. ಒಂದು ವರ್ಷದ ಬಿ.ಎಡ್. 2025ರಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡು ನಿಯಮದಲ್ಲಿತ್ತು, ಅದೂ ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಇರುವವರಿಗೆ. ಇಗ್ನೋದ ದೂರಶಿಕ್ಷಣ ಬಿ.ಎಡ್. ಅಸಲಿ, ಆದರೆ ಡಿ.ಎಲ್.ಎಡ್.ನಂಥ ಶಿಕ್ಷಕ ತರಬೇತಿಯನ್ನು ಮೊದಲೇ ಪಡೆದವರಿಗೆ ಮಾತ್ರ, ಬರೀ ಬಿ.ಎ. ಆದವರಿಗೆ ಸೀಟು ಇಲ್ಲ. ಟಿಇಟಿ ಅಂಕ ಹಾಕಿಸುತ್ತೇವೆ ಎಂದರಂತೂ ಓಡಿಹೋಗಿ. 2019-20ರ ಮಹಾರಾಷ್ಟ್ರ ಟಿಇಟಿಯ ಅಂಕ ತಿದ್ದಿದ ಹಗರಣದಲ್ಲಿ 7,800ಕ್ಕೂ ಹೆಚ್ಚು ಅಭ್ಯರ್ಥಿಗಳ ಮೇಲೆ ಕ್ರಮವಾಗಿದೆ, ಹಣ ಕೊಟ್ಟವರು ಮುಂದಿನ ಪರೀಕ್ಷೆಗೂ ಕೂರುವಂತಿಲ್ಲ.

ಪ್ರಶ್ನೆ: ನಿವೃತ್ತ ಶಿಕ್ಷಕಿ, 64 ವರ್ಷ. ನಾನೇನಾದರೂ ಮಾಡಬಹುದೇ?
*— ಮಾಟುಂಗಾ*

ಉತ್ತರ: ಜಿಲ್ಲಾ ಪರಿಷತ್ ಶಾಲೆಗಳ ಖಾಲಿ ಜಾಗಕ್ಕೆ ನಿವೃತ್ತರನ್ನು 70 ವರ್ಷದವರೆಗೆ ಗುತ್ತಿಗೆಯಲ್ಲಿ, ತಿಂಗಳಿಗೆ 20,000 ರೂಪಾಯಿಗೆ ತೆಗೆದುಕೊಳ್ಳಲು 2023ರ ಜುಲೈನಲ್ಲಿ ಸರಕಾರ ಆದೇಶಿಸಿತ್ತು. ಮುಂಬಯಿ ನಗರದಲ್ಲಿ ಜಿಲ್ಲಾ ಪರಿಷತ್ತೇ ಇಲ್ಲ, ಹಾಗಾಗಿ ಅದು ನಿಮಗೆ ದೂರದ ಮಾತು. ಸಂಘಗಳ ಭಾನುವಾರದ ಕನ್ನಡ ತರಗತಿಗೆ ಟಿಇಟಿಯೂ ಬೇಡ, ಮಾನ್ಯತೆಯೂ ಬೇಡ. ಇನ್ನೂ ಒಂದು ಕೆಲಸವಿದೆ: ಡೊಂಬಿವಲಿಯ ಆ ಗೃಹಿಣಿಯಂಥ ನಾಲ್ಕೈದು ಮಂದಿಯನ್ನು ವಾರಕ್ಕೆರಡು ಸಂಜೆ ಮನೆಗೆ ಕರೆಸಿ ಶಿಶು ಮನೋವಿಜ್ಞಾನದ ಆ 30 ಅಂಕದ ಭಾಗವನ್ನು ಓದಿಸಿ.